ಎಲ್ಲೂ ಅಂದರೆ

ಬೂಟುಗಳ ಕಪಾಟಿನಲ್ಲಿ ಉರ್ಮೋನ ಸರ್ವರು,
ಕೀಲು ಮುರಿದ ಹಳೇ ಲ್ಯಾಪ್‌ಟಾಪು.
ಬೆಚ್ಚಗಿದೆಯೆಂದು ಬೆಕ್ಕು ಅದರ ಮೇಲೆ ಮಲಗಿದ ದಿನ
ಮನೆಯ ಫೋಟೊಗಳೆಲ್ಲ ಮಾಯ,
ಹೆಂಡತಿಯ ಬೈಗುಳವಷ್ಟೇ ಹಾಜರು.

ಮೊನ್ನೆ ಪಿರೆತ್ ಬಾಗಿಲಿಗೊರಗಿ ಕೇಳಿದಳು:
ಅಪ್ಪಾ, ಆಸ್ಪತ್ರೆಯದೊಂದು ಫೋಟೊ ಇದೆಯಲ್ಲ,
ಅದು ಎಲ್ಲೂ ಇರಕೂಡದು.

ಎಲ್ಲೂ ಅಂದರೆ
ವೋರುವಿನಲ್ಲೂ. ಅತ್ತೆ ಮಾರಿಕಳ ನೆಲಮಾಳಿಗೆಯಲ್ಲಿ,
ಸೌತೆ ಉಪ್ಪಿನಕಾಯಿ ಭರಣಿಗಳ ಹಿಂದೆ,
ಅವನು ಹೋದಾಗಷ್ಟೇ ತಂತಿ ಕಾಣುವ
ಆ ಇನ್ನೊಂದು ಡಿಸ್ಕಿನಲ್ಲೂ.

ತಾರ್ತುವಿನಿಂದ ಬಸ್ಸು. ದಾರಿಯುದ್ದ ಹಿಮ.
ಕಪ್ಪು ತೆರೆಯಲ್ಲಿ ಸಂಖ್ಯೆ ಹಿಡಿದೇ ಹುಡುಕಿದ,
ಫೋಟೊ ತೆರೆಯದೆ.
ಒಂದು ಸಾಲು ಬೆರಳಚ್ಚಿಸಿ ಎಂಟರ್ ಒತ್ತಿದ.
ಯಂತ್ರ ಏನೂ ಹೇಳಲಿಲ್ಲ.

ಆಯ್ತೇನೋ? ಮೇಲಿಂದ ಮಾರಿಕ.
ಭರಣಿಯೊಂದನ್ನು ಕಂಕುಳಲ್ಲಿ ಅವುಚಿಕೊಂಡು
ಮೆಟ್ಟಿಲು ಹತ್ತಿದ.