ಸ್ವಲ್ಪ ಬಲ್ಲವರಿಗೆ

ಇರ್ವಿನ್ ರಸ್ತೆಯ ಹಳೇ ಪೇಪರ್ ಅಂಗಡಿಯಲ್ಲಿ
ಇನಾಯತ್ ಹೆಣಿಗೆಯ ಮೂರು ಪತ್ರಿಕೆ ಹುಡುಕಿ
ತಕ್ಕಡಿಯ ಪಕ್ಕ ಇಟ್ಟ.
'ಮನೆಯವರಿಗಾ ಸಾರ್?'
ಹೂಂ ಅನ್ನುವುದು ಸುಲಭ. ಹೂಂ ಅಂದೆ.
ಆಮೇಲೆ ಯಾಕೋ ತಡೆಯಲಾರದೆ
'ಅಲ್ಲಪ್ಪ, ನನಗೇ' ಅಂತ ಎಡಗೈ ಎತ್ತಿ ತೋರಿಸಿದೆ.

ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಇಪ್ಪತ್ತೊಂಬತ್ತು ವರ್ಷ
ಸ್ಪ್ಯಾನರ್ ಹಿಡಿದ ಕೈ.
ಬೋಗಿಯ ಸ್ಪ್ರಿಂಗ್ ಜಾರಿ ಎರಡು ಬೆರಳ ಮೇಲೆ ಕೂತ ಮೇಲೆ
ಮಿಷನ್ ಆಸ್ಪತ್ರೆಯ ಶರ್ಲಿ ಮೇಡಂ
ಮೊದಲು ರಬ್ಬರ್ ಚೆಂಡು ಕೊಟ್ಟರು, ಹಿಸುಕಿ ಅಂತ.
ಒಂದು ದಿನ ತಮ್ಮ ಚೀಲದಿಂದಲೇ
ಎರಡು ಕಡ್ಡಿ, ಒಂದು ಉಂಡೆ ಕಂದು ಉಣ್ಣೆ.
'ಬೆರಳು ಮಡಿಸಬೇಕು ಅಂತ ಮಡಿಸಿದರೆ ನೋಯುತ್ತೆ,
ಬೇರೆ ಏನೋ ಆಗಬೇಕು ಅಂತ ಮಡಿಸಿ ನೋಡಿ.'

ಆಗಿದ್ದು ಮೂರು ಮಫ್ಲರು.
ಮೈಸೂರಿನ ಚಳಿಗೆ ಒಂದೇ ಹೆಚ್ಚು.
ಒಂದನ್ನು ಪ್ರಭಾಮಣಿ ಕುಕ್ಕರಿನ ಕೆಳಗೆ ಮಡಿಸಿಡುತ್ತಾಳೆ,
ಒಂದು ವಾಚ್‌ಮನ್ ಮಾರನಾಯಕನ ಕೊರಳಲ್ಲಿದೆ.
ಮೂರನೆಯದಕ್ಕೆ ಕೊನೆಯ ಗಂಟು ಹಾಕಿರಲಿಲ್ಲ,
ಮುಗಿದರೆ ಮುಂದೇನು ಅಂತ ಗೊತ್ತಿಲ್ಲದೆ.

ಮೊದಲನೆಯ ಪತ್ರಿಕೆಗೆ ಹೊಳಪು ಜಾಸ್ತಿ.
ಹಿಮದಲ್ಲಿ ನಿಂತ ಹೆಂಗಸು, ಮೂಗು ಕೂಡ ಕೆಂಪಾಗಿಲ್ಲ.
ಒಂದೇ ಸಂಜೆಯಲ್ಲಿ ಸ್ವೆಟರ್, ಎನ್ನುತ್ತದೆ.
ನನಗೆ ಒಂದು ಸಂಜೆ ಪೂರ್ತಿ ಬೇಕು
ಬಿದ್ದ ಕುಣಿಕೆ ಹುಡುಕಲಿಕ್ಕೇ.
ಕುತ್ತಿಗೆ ಹೇಗೆ ಇಳಿಸುವುದು ಅಂತ ಪುಟ ತಿರುವಿದರೆ
ಮುಖಕ್ಕೆ ಸೌತೆಕಾಯಿ ಹಚ್ಚುವ ವಿಧಾನ.

ಎರಡನೆಯದು ಪೂರಾ ಚೌಕ,
ಚೌಕದೊಳಗೆ ಚುಕ್ಕಿ, ಗುಣಾಕಾರ, ಓರೆಗೆರೆ.
ಡ್ರಾಯಿಂಗ್ ಓದಿದ ಕಣ್ಣು, ಹೆದರಲಿಲ್ಲ.
ಆದರೆ ಅರವತ್ತು ಪುಟದಲ್ಲಿ ಒಂದು ಕಡೆಯೂ
'ತಪ್ಪಿದರೆ' ಎಂಬ ಮಾತಿಲ್ಲ.
ಟಾಲರೆನ್ಸ್ ಬರೆಯದ ಡ್ರಾಯಿಂಗ್ ಬಂದಾಗ
ನಮ್ಮ ಚಾರ್ಜ್‌ಮನ್ ಲಾಜರ್ ಅನ್ನುತ್ತಿದ್ದ:
ಇವನು ಅರ ಹಿಡಿದವನಲ್ಲ ಕಣ್ರೋ,
ಬರೀ ಪೆನ್ಸಿಲ್ ಹಿಡಿದವನು.

ಮೂರನೆಯದು ತೆಳು. ಪಿನ್ನು ತುಕ್ಕು.
ಯಾವುದೋ ಮಹಿಳಾ ಸಮಾಜದ್ದು,
ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ:
ಕಲಿಯುವವರಿಗೆ ಮತ್ತು ಸ್ವಲ್ಪ ಬಲ್ಲವರಿಗೆ.

ಆ 'ಸ್ವಲ್ಪ'ದಲ್ಲಿ ಸ್ವಲ್ಪ ಹೊತ್ತು ನಿಂತೆ.
ಸೀದಾ ಗೊತ್ತು, ಉಲ್ಟಾ ಗೊತ್ತು,
ಜಡೆ ಹೆಣಿಗೆ ನೋಡಿದರೆ ಜಡೆ ಅಂತ ಗೊತ್ತಾಗುತ್ತೆ, ಅಷ್ಟೆ.
ಒಂದನೇ ಕ್ಲಾಸಿನ ಬೆಂಚಿನಲ್ಲಿ ಮಂಡಿ ಹಿಡಿಸದು,
ಮೇಲಿನ ಕ್ಲಾಸು ತಲೆಗೆ ಹಿಡಿಸದು.
ಇಂಥವರೂ ಇರುತ್ತಾರೆ ಅಂತ ನೆನೆದು
ಯಾರೋ ಅಚ್ಚು ಹಾಕಿಸಿದ್ದಾರೆ.

ನಾಲ್ಕನೇ ಪುಟದಲ್ಲಿ 'ಗೇಜ್'.
ನಂಜನಗೂಡಿನ ಹಳಿ ಮೀಟರ್‌ಗೇಜ್ ಇದ್ದ ಕಾಲದವನು ನಾನು,
ಊರಿನವರು ಸಿಕ್ಕಂತಾಯಿತು.
ನಾಲ್ಕು ಇಂಚಿಗೆ ಇಪ್ಪತ್ತೆರಡು ಕುಣಿಕೆ ಬರಬೇಕು.
ಇಪ್ಪತ್ತನಾಲ್ಕು ಬಂದರೆ ನಿಮ್ಮ ಕೈ ಬಿಗಿ.
ಕೈಯನ್ನು ಬೈಯಬೇಡಿ,
ದಪ್ಪ ಕಡ್ಡಿ ತೆಗೆದುಕೊಳ್ಳಿ.

ಹನ್ನೆರಡನೆಯದು: ಕುಣಿಕೆ ಬಿದ್ದರೆ.
ಅಂಚಿನಲ್ಲಿ ಯಾರೋ ಪೆನ್ಸಿಲಿನ ಗೆರೆ ಎಳೆದೆಳೆದು
ಸಾಲು ಎಣಿಸಿದ್ದಾರೆ.
ಮೂವತ್ತೇಳರ ಹತ್ತಿರ, ಕಾಗದ ತೂತಾಗುವಷ್ಟು ಒತ್ತಿ:
'ಹಾಲು ಉಕ್ಕಿತು. ಮತ್ತೆ ಮೊದಲಿಂದ.'

ಇಪ್ಪತ್ತೈದು, ಅಂದ ಇನಾಯತ್.
ನಾನು ಚೌಕಾಸಿಯ ಮನುಷ್ಯ. ಅವತ್ತು ಮಾಡಲಿಲ್ಲ.

ಮಫ್ಲರಿಗೆ ಗಂಟು ಹಾಕಿ ಮುಗಿಸಿದೆ.
ತೊಂಬತ್ತಾರು ಕುಣಿಕೆ ಏರಿಸಿದೆ.
ಒಂದೂವರೆ ತಿಂಗಳಿಗೆ ಬೆನ್ನು ಆಯಿತು,
ಎರಡು ಸಲ ಬಿಚ್ಚಿ, ಎದೆಯೂ ಆಯಿತು.
'ತೋಳು: ಪುಟ ೪೬ ನೋಡಿ.'
ನಲವತ್ತನಾಲ್ಕರ ನಂತರ ಹಿಂದಿನ ರಟ್ಟು.
ರಾತ್ರಿಯೆಲ್ಲ ಕುಣಿಕೆ ಎಣಿಸುವವನು
ಪುಟ ಎಣಿಸದೆ ತಂದಿದ್ದೆ.

ಪ್ರಭಾಮಣಿ ಎರಡೂ ತುಂಡು ಬೆಳಕಿಗೆ ಹಿಡಿದು
'ಮೈಸೂರಲ್ಲಿ ತೋಳು ಯಾರಿಗೆ ಬೇಕು?' ಅಂದಳು.
ನಿಜ. ಬದಿ ಹೊಲಿದು ತೊಟ್ಟುಕೊಂಡೆ.

ಕಡಲೆಕಾಯಿ ತಿಂದಾದ ಮೇಲೆ
ಪೊಟ್ಟಣ ಬಿಚ್ಚಿ, ನೀವಿ, ಪುಟದ ಅಂಕಿ ನೋಡುವ ಚಾಳಿ ಮಾತ್ರ
ಆವತ್ತಿನಿಂದ ಅಂಟಿಕೊಂಡಿದೆ.