ಕೆಂಪು ಉಣ್ಣೆ

ಲಿನ್‌ಶೋಪಿಂಗಿನ ಗಾಳಿಸುರಂಗದಲ್ಲಿ ನನ್ನ ಕೆಲಸ ಇಷ್ಟೇ:
ಮೊಳದುದ್ದದ ಮಾದರಿ ವಿಮಾನದ ಬೆನ್ನಿಗೆ
ಬೆರಳ ಗೆಣ್ಣುದ್ದದ ಉಣ್ಣೆಯ ಎಳೆಗಳನ್ನು
ಸಾಲಾಗಿ ಅಂಟಿಸುವುದು. ಇನ್ನೂರ ಹದಿನಾರು.
ಉಣ್ಣೆ ನನ್ನದೇ, ಅಕ್ಕನ ಮಗನಿಗೆ ಹೆಣೆಯುತ್ತಿದ್ದ ಕೈಗವಸಿನದು.
ಆ ಚಳಿಗಾಲ ಅವನ ಎಡಗೈಗೆ ಹೆಬ್ಬೆರಳೇ ಬರಲಿಲ್ಲ.

ರೆಕ್ಕೆ ಎಲ್ಲಿ ಮುಗಿಯಿತು, ಮೈ ಎಲ್ಲಿ ಶುರುವಾಯಿತು,
ನನಗೆ ಕೊನೆಗೂ ತಿಳಿಯಲಿಲ್ಲ.
ಒಂದು ತ್ರಿಕೋಣದ ಬೆನ್ನಿಗೆ ಇನ್ನೊಂದು ತ್ರಿಕೋಣ:
ಮುಂದಿನದು ಕಡಿದಾಗಿ ಹಿಂದಕ್ಕೆ ಸರಿದದ್ದು,
ಹಿಂದಿನದು ತುಸು ತೋಳು ಚಾಚಿದ್ದು.
ಬಾಲಕ್ಕೆ ಅಡ್ಡರೆಕ್ಕೆಯಿಲ್ಲ;
ಏರಲಿಕ್ಕೂ ಹೊರಳಲಿಕ್ಕೂ
ಹಿಂದಿನ ಅಂಚಿನ ಅವೇ ನಾಲ್ಕು ಹಲಗೆ.
ಕ್ಯಾಂಟೀನಿನ ಸಿವ್ ಅದನ್ನು ಚಪ್ಪಟೆ ಮೀನು ಅನ್ನುತ್ತಿದ್ದಳು.
ನಮ್ಮ ಮಾತಿನಲ್ಲಿ ಗಾಳಿಪಟಕ್ಕೂ
ಬೆಂಕಿಯುಗುಳುವ ಘಟಸರ್ಪಕ್ಕೂ ಒಂದೇ ಪದ.
ಅದನ್ನೇ ಇದಕ್ಕೂ ಇಟ್ಟರು, ಡ್ರಾಕೆನ್.
ಯಾವುದೆಂದು ಯಾರೂ ಬಿಡಿಸಿ ಹೇಳಲಿಲ್ಲ.

ಫ್ಯಾನು ತಿರುಗಿತು. ಮೂಗು ಐದು ಡಿಗ್ರಿ ಮೇಲೆ:
ಎಳೆಗಳೆಲ್ಲ ಬಾಚಿದ ಕೂದಲ ಹಾಗೆ ಮಲಗಿದವು.
ಹತ್ತು: ಅಂಚಿನವು ಮಿಸುಕಿದವು.
ಹದಿನೆಂಟು.
ನೇರ ರೆಕ್ಕೆಯಾಗಿದ್ದರೆ ಇಷ್ಟರಲ್ಲಿ
ಗಾಳಿ ಕೈಬಿಟ್ಟು ಕತೆ ಮುಗಿದಿರುತ್ತಿತ್ತು.
ಇಲ್ಲಿ ಚೂಪು ಅಂಚಿನಿಂದ ಕಳಚಿಕೊಂಡ ಗಾಳಿ
ಹುರಿಹಗ್ಗದ ಹಾಗೆ ಸುತ್ತಿ ಸುತ್ತಿ
ರೆಕ್ಕೆಯ ಬೆನ್ನ ಮೇಲೇ ಹರಿಯಿತು;
ಆ ಸುರುಳಿಯ ಒಳಗೆ ಟೊಳ್ಳು,
ಆ ಟೊಳ್ಳು ರೆಕ್ಕೆಯನ್ನು ಮೇಲಕ್ಕೆ ಹೀರಿತು.
ನನ್ನ ಕೆಂಪು ಎಳೆಗಳು ನಿಂತಲ್ಲೇ ಗಿರಗಿರ.
ಎಂಜಿನಿಯರ್ ಓಕರ್‌ಬ್ಲೂಮ್ ಪೆನ್ಸಿಲ್ ಕಚ್ಚಿ ನಕ್ಕರು:
"ಬಿಟ್ಟುಹೋದವನಿಂದಲೂ ಬಾಡಿಗೆ ವಸೂಲಿ!"

ಸುಂಕವಿಲ್ಲದೆ ಏನು ಬಂದೀತು?
ಎದುರು ಪುಟದಲ್ಲಿ ನಾನೇ ಬರೆದೆ:
ಸರಕ್ಕನೆ ತಿರುಗುತ್ತದೆ, ಮೊದಲ ತಿರುವಿಗೆ ಯಾರ ಕೈಗೂ ಸಿಗದು.
ಅದೇ ತಿರುವಿನಲ್ಲಿ ಉಳಿದರೆ ವೇಗ ಸೋರುತ್ತದೆ
ತೂತು ಜೇಬಿನ ಚಿಲ್ಲರೆಯಂತೆ.
ಇಳಿಯುವಾಗ ಮೂಗು ಎಷ್ಟು ಎತ್ತರವೆಂದರೆ
ಬಾಲ ನೆಲಕ್ಕೆ ಉಜ್ಜದಿರಲೆಂದು ಹಿಂದೆ ಎರಡು ಪುಟ್ಟ ಚಕ್ರ.
ಇನ್ನೂ ಎತ್ತಿದರೆ ಎಳೆಗಳಿಗೆ ದಿಕ್ಕೇ ಇಲ್ಲ,
ಸಂತೆಯಲ್ಲಿ ತಾಯಿಯ ಕೈ ತಪ್ಪಿದ ಮಕ್ಕಳು.
ಅದನ್ನೂ ಬರೆದೆ. ಯಾರೋ ಫೈಲಿಗೆ ಹಾಕಿದರು.

ವರುಷಗಳ ಮೇಲೆ ಲೆಫ್ಟಿನೆಂಟ್ ವೆನ್ನರ್‌ಹಾಲ್ ಬಂದರು,
ಟೊಪ್ಪಿ ಕಂಕುಳಲ್ಲಿ, ಬೂಟಿನಲ್ಲಿ ಕರಗುವ ಹಿಮ.
"ಮೂಗು ತಾನಾಗಿ ಎದ್ದಿತು. ಆಮೇಲೆ ಮುಂದೆ ಹೋಗಲಿಲ್ಲ, ಉರುಳಲೂ ಇಲ್ಲ.
ತಟ್ಟೆ ಜಾರಿದ ಹಾಗೆ ಚಪ್ಪಟೆ ಬಿದ್ದೆ.
ಎತ್ತರದ ಮುಳ್ಳೊಂದೇ ಓಡುತ್ತಿತ್ತು.
ಕೈ ಹೇಳುತ್ತದೆ: ಎಳೆ, ಎಳೆ.
ಎಳೆಯಬಾರದು.
ಮೂಗು ತೂಗುತ್ತಿರುತ್ತದೆ, ಮೇಲೆ, ಕೆಳಗೆ.
ಅದು ಕೆಳಗೆ ತೂಗುವ ಗಳಿಗೆಗೆ ಕಾದು
ಆಗ ತಳ್ಳಬೇಕು, ನೆಲದ ಕಡೆಗೇ."
ಹೇಳುವಾಗ ಬಲಗೈ
ಮೇಜಿನ ಮೇಲಿನ ಸಕ್ಕರೆ ಬಟ್ಟಲನ್ನು ತಳ್ಳುತ್ತಿತ್ತು.

ಆ ಜಾಗ ನೋಡಬೇಕೆಂದರು.
ಊಟದ ಬಿಡುವಿನಲ್ಲಿ, ಯಾರ ಸಹಿಯೂ ಇಲ್ಲದೆ,
ಹಳೆಯ ಮಾದರಿಯನ್ನು ಕಪಾಟಿನಿಂದ ತೆಗೆದು ಫ್ಯಾನು ಹಾಕಿದೆ.
ಗಾಜಿಗೆ ಹಣೆಯಾನಿಸಿ ನಿಂತರು.
ಎಳೆಗಳು ಮಲಗಿದವು, ಸುತ್ತಿದವು, ಕೆದರಿದವು.
"ಓ, ಇಲ್ಲಿ" ಎಂದರು, ಕಳೆದ ಕೀಲಿಕೈ ಸಿಕ್ಕವರಂತೆ.
ನಿಲ್ಲಿಸಲೇ ಎಂದೆ. ಇನ್ನೊಂದು ನಿಮಿಷ ಎಂದರು.

ಸೋಮವಾರದಿಂದ ಹೊಸ ಹುಡುಗರಿಗೆ
ಬೇಕೆಂದೇ ಬೀಳುವ ಪಾಠ ಹೇಳಲು ಹೋದರು.
ನಾನು ಗೋಂದು ಒರೆಸಿ, ನೀಲಿ ಉಣ್ಣೆ ಕೊಂಡೆ.
ಮೇಜಿನ ಮೇಲೆ ಮುಂದಿನ ಮಾದರಿ ಬಂದಿತ್ತು.
ಅದಕ್ಕೆ ಕತ್ತಿನ ಬಳಿ
ಇನ್ನೊಂದು ಪುಟ್ಟ ತ್ರಿಕೋಣ.