ಎಡಕ್ಕ ಮಾಡೂದು, ಬಲಕ್ಕ ಆದದ್ದು

ಪ್ರೆಸ್ಸಿನ್ಯಾಗ ಕತ್ತರಿಸಿ ಉಳಿದ ಅಂಚು,
ಯಾರಿಗೂ ಬ್ಯಾಡಾಗಿ ಮೂಲ್ಯಾಗ ಬಿದ್ದದ್ದು,
ಕೂಡಿಸಿ, ತಟ್ಟಿ, ಸಮ ಮಾಡಿ,
ನಡು ಮಡಚಿ ಮಷಿನ್ನಿಗೆ ಕೊಟ್ಟು
ಹೊಲೀತೀನಿ, ವರ್ಷಕ್ಕೊಂದು.
ಮೊದಲಿನ ಹಾಳಿ ಗುಲಾಬಿ, ಚೀಟಿ ಪಾವತಿ ಪುಸ್ತಕದ್ದು.
ಆಮ್ಯಾಲಿನದು ಅರಿಷಿಣ, ಯಾರದೋ ಲಗ್ನಪತ್ರದ್ದು;
ಒಂದರ ಬೆನ್ನಿಗೆ ‘ಶುಭ’ ಅಂತ ಮೂಡೇತಿ,
ಏನು ಶುಭ ಅನ್ನೂದು ಬ್ಲೇಡಿನ ಆಚೆಗೆ ಹೋಗೇತಿ.
ಊರ ಹುಡುಗೂರಿಗೆ ಗೆರಿ ಹೊಡದ ನೋಟ್‌ಬುಕ್
ಸಾವಿರಗಟ್ಟಲೆ ಕಟ್ಟೇನಿ ಗದಗಿನ ಈ ಖೋಲಿಯೊಳಗ.
ಗೆರಿ ಇಲ್ಲದ್ದು ಇದೊಂದ. ನಂದು.

ಎಡಕ್ಕ ಮಾಡೂದು, ಬಲಕ್ಕ ಆದದ್ದು.
ಎಡಕ್ಕ: ಜ್ವಾಳಾ ಬೀಸಿಸೂದು. ಬಲಕ್ಕ: ಕರೆಂಟ್ ಇಲ್ಲ, ಗಿರಣಿ ಬಂದ್.
ಎಡಕ್ಕ: ಹಲ್ಲಿನ ಡಾಕ್ಟರ್.
ಬಲಕ್ಕ: ನೋವು ತಾನ ನಿಂತು, ಮುನ್ನೂರು ಉಳೀತು.
ಎಡಕ್ಕ: ಅಂಟಿಗೆ ಮೈಲುತುತ್ತ. ಬಲಕ್ಕ: ತಂದೆ.
ಖಂಡೂಸಾ ಐದು ರೂಪಾಯಿ ಹೆಚ್ಚಿಗಿ ಹಿಡದಾ,
ಗೊತ್ತಿದ್ದೂ ಸುಮ್ಮನಿದ್ದೆ. ಯಾಕ ಸುಮ್ಮನಿದ್ದೆ?
ಹಿಂಗ ಒಮ್ಮೊಮ್ಮೆ ಬಲಗಡಿ ಪುಟ
ತಿರುಗಿ ನನ್ನನ್ನ ಕೇಳತೇತಿ.
ಉತ್ತರ ಹೇಳಾಕ ಅಂಚಿನ ಕಾಗದದಾಗ ಜಾಗಾ ಸಾಲೂದಿಲ್ಲ.

ಎಡಕ್ಕ, ಕಟ್ಟಕಡಿ ಸಾಲು: ಅಂಬೂಗ ಫೋನ್.
ಅದರ ಎದುರಿಗೆ ಬಲಕ್ಕ ಏನೂ ಇಲ್ಲ.
ಆಗದ ಕೆಲಸ ಮರುದಿನಕ್ಕ ಇಳಿಸೂದು ರೂಢಿ.
ಇಳಿಸಿದೆ. ಗುಲಾಬಿಯಿಂದ ಅರಿಷಿಣಕ್ಕ,
ಅರಿಷಿಣದಿಂದ ಕರಪತ್ರದ ತೆಳು ಹಸಿರಿಗೆ.
ಯುಗಾದಿ ಆತು, ಪಂಚಮಿ ಉಂಡಿ ಕಟ್ಟಿದೆ,
ಶೀಗಿ ಹುಣ್ಣಿವಿ ಬಂದು ಹೋತು.
ಕೈ ಅದನ್ನ ಸಹಿ ಹಾಕಿದಂಗ ಹಾಕತಿತ್ತು,
ಅಂಬು ಅಂದ್ರ ನನ್ನ ತಂಗಿ ಅನ್ನೂದ ಮರತು.
ಅವ್ವನ ಹೊಲಿಗಿ ಮಷಿನ್ ಯಾರಿಗೆ ಅನ್ನೂ ಮಾತಿಗೆ
ಹಳೇ ಹುಬ್ಬಳ್ಳಿಯೊಳಗ ಆಕಿ ಹೊಸ್ತಲದ ಮುಂದ
ಚಪ್ಪಲಿ ಮೆಟ್ಟಿಕೊಂತ ನಾ ಅಂದದ್ದು
ಯಾವ ಪುಟದಾಗೂ ಬರದಿಲ್ಲ.
ಮಷಿನ್ ನನ್ನ ಹತ್ರನ ಐತಿ.
ಈ ಪುಸ್ತಕದ ಹೊಲಿಗಿ ಅದರದ್ದ.

ನೀರು ಮಾತ್ರ ನಾ ಎಡಕ್ಕ ಬರಿಯೂದಿಲ್ಲ.
ಬೆಟಗೇರಿ ನಳ ಯಾರ ಲೆಕ್ಕಕ್ಕೂ ಸಿಗೂದಲ್ಲ.
ಬಲಕ್ಕ ಅಷ್ಟ: ಬಂತು, ಹನ್ನೊಂದನೇ ದಿನಕ್ಕ. ಬಂತು, ಒಂಬತ್ತಕ್ಕ.
ಮೊನ್ನೆ ರಾತ್ರಿ ಎರಡೂವರಿಗೆ ನಳ ಕೆಮ್ಮಿತು.
ಓಣಿ ತುಂಬ ಲೈಟು, ಕೊಡ, ಪೈಪು, ಕೂಗ್ಯಾಟ.
ಬ್ಯಾರಲ್ ತುಂಬೂತನಾ ಮೆಟ್ಟಿಲಿನ ಮ್ಯಾಲೆ ಕುಂತೆ,
ತೊಡಿಮ್ಯಾಲೆ ಪುಸ್ತಕ. ಬೆರಳು ಒದ್ದಿ;
ಅಂಬು ಅನ್ನೂ ಅಕ್ಷರ ಕದಡಿ ಬರೇ ನೀಲಿ ಆತು.
ಈ ಹೊತ್ತಿನ್ಯಾಗ ಎಚ್ಚರಿರೂ ಮತ್ತೊಬ್ಬಾಕಿ ನನಗ ಗೊತ್ತು,
ಹುಬ್ಬಳ್ಳಿ ನೀರಿಗೂ ಇದ ಚಟ.
ಹಚ್ಚಿದೆ.
ಮೂರು ರಿಂಗಿಗೆ, ‘ಹಾಂ.’
‘ನಿಮ್ಮಲ್ಲೆ ಬಂತೇನ?’
‘ಇಲ್ಲ. ಕಾಯಾಕತ್ತೀನಿ. ನಿಮ್ಮಲ್ಲೆ?’
‘ಬಂದೇತಿ.’
‘ಹೂಂ. ಕೇಳತೇತಿ.’
ಆಮ್ಯಾಲ ಇಬ್ಬರೂ ಮಾತಾಡಲಿಲ್ಲ.
ತಳದಾಗ ದಪ್ಪ ಇದ್ದ ಸಪ್ಪಳ
ಸಣ್ಣಾಕ್ಕೊಂತ, ಸಣ್ಣಾಕ್ಕೊಂತ ಮ್ಯಾಲೇರಿತು.
‘ತುಂಬೇತಿ ನೋಡು, ಬಂದ್ ಮಾಡು’ ಅಂದ್ಲು
ನಲವತ್ತು ಮೈಲಿ ದೂರ ಕುಂತಾಕಿ.
ತುಂಬಿತ್ತು.

ಮುಂಜಾನೆ ಬಲಕ್ಕ ಏನ್ ಬರೀಲಿ?
ತಪ್ಪಾತು ಅಂತ ನಾ ಅನ್ನಲಿಲ್ಲ. ಮಷಿನ್ ಮಾತು ಬರಲಿಲ್ಲ.
ಆತು ಅಂತ ಗೆರಿ ಹೊಡಿಯಾಕ ಮನಸ್ಸಿಲ್ಲ,
ಆಗಿಲ್ಲ ಅನ್ನಾಕೂ ಬಾಯಿಲ್ಲ.
ಬರದೆ: ನೀರು ಬಂತು, ಹತ್ತನೇ ದಿನಕ್ಕ.
ಮತ್ತ ಎಡಕ್ಕ, ಕಡೀ ಸಾಲಿಗೆ, ಪೆನ್ನು ತಾನ ಹೋತು.
‘ಅಂಬೂಗ’ ಅಂತ ಬರದು ನಿಂತೆ.
ಫೋನ್ ಅನ್ನಬೇಕೋ, ಮಷಿನ್ ಅನ್ನಬೇಕೋ.

ಹೊರಗ ಟಂಟಂ ಗಾಡಿಯವ ಹಾರ್ನ್ ಹೊಡದಾ,
ದೀಪಾವಳಿ ಖಾತೆಪುಸ್ತಕದ ಲೋಡು.
ನಡುವ ಒಂದು ದಾರದ ತುಣುಕು ಇಟ್ಟು
ಹಂಗ ಮುಚ್ಚಿದೆ.